ಮನೆಯಲ್ಲೇ ಕುಳಿತು ಮಾಡುವ ಕೆಲಸವೆಂಬ ಅರ್ಧಸತ್ಯ

2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು ಬೀಡಿಯ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸುವ ತೀರ್ಮಾನ ಕೈಗೊಂಡಿತು. ಬೀಡಿ ಎಲೆಯ ಮೇಲಿನ ತೆರಿಗೆಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸಿತು. ಇದರ ಬೆನ್ನಿಗೇ ದೇಶದಲ್ಲೊಂದು ಚರ್ಚೆ ನಡೆಯಿತು. ಸಿಗರೇಟಿಗೆ ಶೇಕಡಾ 40 ತೆರಿಗೆ ವಿಧಿಸಹೊರಟವರು ಬೀಡಿಗೆ ರಿಯಾಯಿತಿ ನೀಡುವುದು ಯಾವ ನ್ಯಾಯ, ಎರಡರ ಹೊಗೆಯೂ ಕೊಲ್ಲುವುದಿಲ್ಲವೇ ಎಂದು ಆರೋಗ್ಯ ಕಾರ್ಯಕರ್ತರು ಕೇಳಿದರು. ಲಕ್ಷಾಂತರ ಬಡ ಮಹಿಳೆಯರ ಹೊಟ್ಟೆಪಾಡು ಇದರಲ್ಲಿದೆ ಎಂದು ಸಮರ್ಥಕರು ಉತ್ತರಿಸಿದರು. ಒಂದು ಕಡೆಯವರಿಗೆ ಬೀಡಿ ಸೇದುವವನ ಶ್ವಾಸಕೋಶದ ಚಿಂತೆ. ಇನ್ನೊಂದು ಕಡೆಯವರಿಗೆ ಬೀಡಿ ಕಟ್ಟುವವಳ ಹೊಟ್ಟೆಯ ಚಿಂತೆ. ಆದರೆ ಕಟ್ಟುವವಳಿಗೂ ಒಂದು ಶ್ವಾಸಕೋಶವಿದೆ ಎಂಬುದು ಎರಡೂ ಕಡೆಯವರಿಗೆ ನೆನಪಾದಂತೆ ಕಾಣಲಿಲ್ಲ. ನಿನ್ನ ಕೆಲಸದ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಆಕೆಯನ್ನು ಕೇಳಿದವರು ಎಷ್ಟು ಮಂದಿ?

ಇಂದು ದೊಡ್ಡ ನಗರಗಳ ಕಂಪೆನಿಗಳು ತಮ್ಮ ಉದ್ಯೋಗಿಗಳಿಗೆ ಪ್ರಶ್ನಾವಳಿಗಳನ್ನು ಹಂಚುತ್ತವೆ. ಇಲ್ಲಿ ಕೆಲಸ ಮಾಡುವುದರ ಒಳಿತೇನು, ಕೆಡುಕೇನು ಎಂದು ಕೇಳುತ್ತವೆ. ಉದ್ಯೋಗಿ ತನ್ನ ಹೆಸರು ಹೇಳದೆ ಮೇಲಧಿಕಾರಿಯ ದರ್ಪದ ಬಗ್ಗೆ, ಕ್ಯಾಂಟೀನಿನ ಊಟದ ಬಗ್ಗೆ, ಸಿಗದ ರಜೆಯ ಬಗ್ಗೆ ಬರೆಯಬಹುದು. ಹೊಸದಾಗಿ ಕೆಲಸಕ್ಕೆ ಸೇರಬಯಸುವವನು ಅದನ್ನು ಓದಿ ಸೇರಬೇಕೇ ಬೇಡವೇ ಎಂದು ನಿರ್ಧರಿಸಬಹುದು. ಒಳ್ಳೆಯ ಪದ್ಧತಿಯೇ. ಹಾಗಿದ್ದರೆ, ಸರಕಾರದ ಲೆಕ್ಕದಲ್ಲೇ ಸುಮಾರು 50 ಲಕ್ಷ ಕಾರ್ಮಿಕರಿರುವ, ಅವರಲ್ಲಿ ಬಹುಪಾಲು ಮಹಿಳೆಯರೇ ಆಗಿರುವ ಉದ್ಯಮದಲ್ಲಿ ಇಂಥ ಪ್ರಶ್ನೆಯೇಕೆ ಹುಟ್ಟುವುದಿಲ್ಲ? ಕಾರಣ ಸರಳ. ಆಕೆಯ ಉತ್ತರ ನಮಗೆ ಮೊದಲೇ ಗೊತ್ತಿದೆ ಎಂದು ನಾವು ನಂಬಿದ್ದೇವೆ. ಮನೆಯಲ್ಲೇ ಕುಳಿತು ಮಾಡುವ ಕೆಲಸ, ಮರ್ಯಾದೆಯ ಕೆಲಸ, ಆಕೆಗೇನು ಕಷ್ಟ? ಇಡೀ ಉದ್ಯಮ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಆ ವಾಕ್ಯ ಪೂರ್ತಿ ಸುಳ್ಳಲ್ಲ. ಅದು ಅರ್ಧಸತ್ಯ. ಅದರ ಅಪಾಯವಿರುವುದೂ ಅಲ್ಲಿಯೇ.

ಆಕೆ ಹೇಳುವ ಒಳಿತುಗಳು

ಮೊದಲು ಒಳಿತಿನ ಮಾತನ್ನೇ ಕೇಳೋಣ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಯಾವುದೇ ಪೇಟೆಯ ಹಿಂಬದಿಯ ಓಣಿಗೆ ಹೋಗಿ ಬೀಡಿ ಕಟ್ಟುವ ಮಹಿಳೆಯರನ್ನು ಮಾತಿಗೆಳೆದರೆ ಅವರು ದೂರಿನಿಂದ ಆರಂಭಿಸುವುದಿಲ್ಲ. ಬೀಡಿ ಇಲ್ಲದಿದ್ದರೆ ಒಲೆ ಉರಿಯುತ್ತಿರಲಿಲ್ಲ ಎನ್ನುತ್ತಾರೆ. ಗಂಡನ ಕೂಲಿ ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ, ಬೀಡಿಯಾದರೋ ಕೈಬಿಡಲಿಲ್ಲ ಎನ್ನುತ್ತಾರೆ. ಬಾಣಂತಿಯಾಗಿದ್ದಾಗಲೂ ತೊಟ್ಟಿಲ ಪಕ್ಕದಲ್ಲಿ ಕುಳಿತು ನಾಲ್ಕು ಕಾಸು ಗಳಿಸಲು ಸಾಧ್ಯವಾಯಿತು ಎನ್ನುತ್ತಾರೆ. ವಿಧವೆಯರೂ, ಗಂಡ ಬಿಟ್ಟುಹೋದವರೂ ಯಾರ ಮುಂದೆಯೂ ಕೈಚಾಚದೆ ಮಕ್ಕಳನ್ನು ಓದಿಸಿದ್ದು ಈ ಮೊರವನ್ನು ಮಡಿಲಲ್ಲಿಟ್ಟುಕೊಂಡೇ.

ಇದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಕರಾವಳಿಯ ಬ್ಯಾರಿ, ಬಿಲ್ಲವ, ಮೊಗವೀರ ಹಾಗೂ ದಲಿತ ಕುಟುಂಬಗಳಲ್ಲಿ ಒಂದೆರಡು ತಲೆಮಾರಿನ ಶಿಕ್ಷಣದ ಖರ್ಚನ್ನು ಭರಿಸಿದವರಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ದೊಡ್ಡ ಪಾಲಿದೆ. ಇಂದು ಊರಲ್ಲಿ ವಕೀಲನಾಗಿ, ಶಿಕ್ಷಕಿಯಾಗಿ, ದುಬೈಯಲ್ಲಿ ಲೆಕ್ಕಿಗನಾಗಿ ದುಡಿಯುತ್ತಿರುವವರಲ್ಲಿ ಎಷ್ಟೋ ಮಂದಿಯ ಶಾಲಾ ಶುಲ್ಕಕ್ಕೆ ತಂಬಾಕಿನ ವಾಸನೆಯಿತ್ತು.

ಕಾನೂನಿನ ಕಡೆಯಿಂದಲೂ ಆಕೆಗೆ ದೊರೆತದ್ದಿದೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಅದನ್ನು ಪ್ರಶ್ನಿಸಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತಿತರರು ಸಲ್ಲಿಸಿದ್ದ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕುಳಿತು ಕಟ್ಟುವವರೂ ಕಾಯ್ದೆಯ ವ್ಯಾಪ್ತಿಯ ಕಾರ್ಮಿಕರೇ ಎಂಬುದು ಸ್ಥಿರವಾಯಿತು. 1977ರಲ್ಲಿ ಭವಿಷ್ಯನಿಧಿ ಬೀಡಿ ಉದ್ಯಮಕ್ಕೂ ಅನ್ವಯವಾಯಿತು. ಅದು ಮನೆಯ ಕಾರ್ಮಿಕರಿಗೂ ಸಲ್ಲಬೇಕು ಎಂದು 1985ರಲ್ಲಿ ಅದೇ ನ್ಯಾಯಾಲಯ ಹೇಳಿತು. 1976ರ ಕಲ್ಯಾಣ ನಿಧಿ ಕಾಯ್ದೆಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನ, ಚಿಕಿತ್ಸಾಲಯ ಹಾಗೂ ಮನೆ ಕಟ್ಟಲು ನೆರವು ದೊರೆಯಿತು. ಮನೆಗೆಲಸದವಳಿಗಿಲ್ಲದ, ಅಡಿಕೆ ಸುಲಿಯುವವಳಿಗಿಲ್ಲದ ಪಿ.ಎಫ್. ತನಗಿದೆ ಎಂದು ಬೀಡಿ ಕಟ್ಟುವವಳು ಹೆಮ್ಮೆಯಿಂದ ಹೇಳುವುದು ನಿರಾಧಾರವಲ್ಲ.

ನಾವು ಕೇಳಿಸಿಕೊಳ್ಳುವುದು ಇಲ್ಲಿಯವರೆಗೆ ಮಾತ್ರ. ಇಷ್ಟು ಕೇಳಿದ ಕೂಡಲೇ ಕಂಪೆನಿಯವರು ನೆಮ್ಮದಿಯಿಂದ ತಲೆಯಾಡಿಸುತ್ತಾರೆ. ಜನಪ್ರತಿನಿಧಿ ಭಾಷಣಕ್ಕೆ ಬರೆದುಕೊಳ್ಳುತ್ತಾನೆ. ಮನೆಯ ಯಜಮಾನ ಪೇಪರು ಮಡಚಿ ಏಳುತ್ತಾನೆ. ಆಕೆ ಇನ್ನೂ ಮಾತು ಮುಗಿಸಿಲ್ಲ ಎಂಬುದನ್ನು ಗಮನಿಸುವ ತಾಳ್ಮೆ ಯಾರಿಗಿದೆ?

ಕೇಳಿಸಿಕೊಳ್ಳದ ಇನ್ನರ್ಧ

ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಮಾತು ಬೇರೆಯಾಗುತ್ತದೆ. ಬ್ರಾಂಚಿನಲ್ಲಿ ಎಲೆಯನ್ನು ತೂಕ ಮಾಡಿ ಕೊಡುತ್ತಾರೆ. ಬೀಡಿಯನ್ನು ಎಣಿಸಿ ತೆಗೆದುಕೊಳ್ಳುತ್ತಾರೆ. ಕೊಟ್ಟ ಎಲೆಯಲ್ಲಿ ತೂತು ಬಿದ್ದದ್ದು, ಒಣಗಿ ಪುಡಿಯಾದದ್ದು ಎಷ್ಟಿದ್ದರೂ ಲೆಕ್ಕದ ಬೀಡಿ ಬರಲೇಬೇಕು. ಕಡಿಮೆ ಬಿದ್ದರೆ ಸ್ವಂತ ದುಡ್ಡಿನಿಂದ ಎಲೆ ಕೊಂಡು ಭರ್ತಿ ಮಾಡಬೇಕು. ಕಟ್ಟಿ ತಂದದ್ದರಲ್ಲಿ ಕಳಪೆ ಎಂದು ಒಂದಿಷ್ಟನ್ನು ಪಕ್ಕಕ್ಕೆ ಸರಿಸಿದರೆ ಅದರ ಕೂಲಿ ಇಲ್ಲ. ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿಯನ್ನು ಹೀಗೆ ತಿರಸ್ಕರಿಸಕೂಡದೆಂದು 1966ರ ಕಾಯ್ದೆಯಡಿ ಹಲವು ರಾಜ್ಯಗಳು ನಿಯಮ ಮಾಡಿದ್ದವು. ಆ ನಿಯಮವನ್ನು ಬ್ರಾಂಚಿನ ಗೋಡೆಯ ಮೇಲೆ ಬರೆದದ್ದನ್ನು ನೋಡಿದ ಮಹಿಳೆಯರು ಎಷ್ಟಿದ್ದಾರೆ? ಸರದಿಯಲ್ಲಿ ಹಿಂದೆ ಇಪ್ಪತ್ತು ಮಂದಿ ನಿಂತಿರುವಾಗ ಗುತ್ತಿಗೆದಾರನೊಂದಿಗೆ ಶೇಕಡಾವಾರು ಲೆಕ್ಕವನ್ನು ವಾದಿಸುವ ಧೈರ್ಯ ಯಾರಿಗಿದೆ? ವಾದಿಸಿದವಳಿಗೆ ಮರುದಿನ ಸಿಗುವ ಎಲೆ ಎಂಥದ್ದೆಂದು ಆಕೆಗೆ ಗೊತ್ತಿದೆ.

ಸಮಯದ ಲೆಕ್ಕವನ್ನಾದರೂ ಮಾಡೋಣ. ಒಂದು ಬೀಡಿಗೆ ಕೇವಲ ಅರ್ಧ ನಿಮಿಷ ಎಂದಿಟ್ಟುಕೊಳ್ಳಿ. ಎಲೆಯಲ್ಲಿ ತಂಬಾಕು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಸಾವಿರ ಬೀಡಿಗೆ 30,000 ಸೆಕೆಂಡುಗಳು, ಅಂದರೆ 8 ಗಂಟೆ 20 ನಿಮಿಷ. ಬೆನ್ನು ನೆಟ್ಟಗೆ ಮಾಡದೆ, ನೀರು ಕುಡಿಯಲು ಏಳದೆ, ಅಳುವ ಮಗುವನ್ನು ಎತ್ತಿಕೊಳ್ಳದೆ ಕಟ್ಟಿದರೆ ಮಾತ್ರ ಈ ಲೆಕ್ಕ. ಎಲೆ ನೆನೆಸುವುದು, ಅಚ್ಚಿಟ್ಟು ಕತ್ತರಿಸುವುದು, 25ರ ಕಟ್ಟು ಮಾಡುವುದು, ಬ್ರಾಂಚಿಗೆ ನಡೆದು ಸರದಿಯಲ್ಲಿ ಕಾಯುವುದು ಇದರ ಹೊರಗಿದೆ. ಅಡುಗೆ, ಪಾತ್ರೆ, ಬಟ್ಟೆ, ಅತ್ತೆಯ ಮದ್ದು, ಮಕ್ಕಳ ಮದ್ರಸ ಮತ್ತು ಶಾಲೆಯ ತಯಾರಿ ಅದರ ಮೇಲೆ. ಬೇಕಾದಾಗ ಮಾಡಬಹುದಾದ ಕೆಲಸ ಎಂದು ಹೊರಗಿನವರು ಹೇಳುತ್ತಾರೆ. ಬಿಡುವು ಸಿಕ್ಕಾಗಲೆಲ್ಲ ಮಾಡಲೇಬೇಕಾದ ಕೆಲಸ ಎಂದು ಆಕೆ ಹೇಳುತ್ತಾಳೆ. ಈ ಎರಡು ಮಾತುಗಳ ನಡುವಿನ ಅಂತರ ಕಾಣದವರು ಒಂದು ದಿನ ಮೊರ ಹಿಡಿದು ಕುಳಿತು ನೋಡಲಿ.

ಇನ್ನು ದೇಹದ ಮಾತು. ತಂಬಾಕಿನ ಧೂಳಿನಲ್ಲಿ ನಿಕೋಟಿನ್ ಇದೆ. ಅದು ಉಸಿರಿನ ಮೂಲಕವೂ ಬೆರಳ ಚರ್ಮದ ಮೂಲಕವೂ ಒಳಹೋಗುತ್ತದೆ. ಜೀವನದಲ್ಲಿ ಒಮ್ಮೆಯೂ ಬೀಡಿ ಸೇದದ ಮಹಿಳೆಯರ ಮೂತ್ರದಲ್ಲಿ ಅದರ ಕುರುಹುಗಳನ್ನು ಸಂಶೋಧಕರು ಕಂಡಿದ್ದಾರೆ. ಕೆಮ್ಮು, ದಮ್ಮು, ಕಣ್ಣುರಿ, ತಲೆಸುತ್ತು, ಸೊಂಟ ಹಾಗೂ ಕುತ್ತಿಗೆಯ ನೋವು, ಬೆರಳ ತುದಿಯ ಜಡತ್ವ. ಇವುಗಳನ್ನು ರೋಗವೆಂದು ಹೇಳುವ ಅಭ್ಯಾಸವೂ ಆಕೆಗಿಲ್ಲ. ವಯಸ್ಸಾಯಿತಲ್ಲ ಎಂದುಬಿಡುತ್ತಾಳೆ. ವಯಸ್ಸೆಷ್ಟು ಎಂದು ಕೇಳಿದರೆ ನಲ್ವತ್ತೂ ದಾಟಿರುವುದಿಲ್ಲ. ಅದೇ ಧೂಳು ಆ ಮನೆಯ ಚಾಪೆಯ ಮೇಲಿದೆ, ಅನ್ನದ ಪಾತ್ರೆಯ ಪಕ್ಕದಲ್ಲಿದೆ, ಮಗು ತೆವಳುವ ನೆಲದ ಮೇಲಿದೆ. ಕಾರ್ಖಾನೆಯ ಕಾರ್ಮಿಕ ಸಂಜೆ ಕಾರ್ಖಾನೆಯನ್ನು ಬಿಟ್ಟು ಮನೆಗೆ ಬರುತ್ತಾನೆ. ಈಕೆ ಎಲ್ಲಿಗೆ ಹೋಗಬೇಕು?

ಮುಪ್ಪಿನಲ್ಲಿ ಕೈಗೆ ಬರಬೇಕಾದ ಪಿ.ಎಫ್. ಹಣದ ಪಾಡೂ ಇದೇ. ಲಾಗ್‌ಬುಕ್‌ನಲ್ಲಿ ಐಸಮ್ಮ, ಆಧಾರ್‌ನಲ್ಲಿ ಆಯಿಶಾ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಹುಟ್ಟಿದ ವರ್ಷ ಎರಡರಲ್ಲೂ ಅಂದಾಜಿನದ್ದು. ಗುತ್ತಿಗೆದಾರನ ಗುಮಾಸ್ತ ತನಗೆ ತಿಳಿದಂತೆ ಬರೆದ ಒಂದು ಅಕ್ಷರಕ್ಕಾಗಿ ಇಪ್ಪತ್ತು, ಮೂವತ್ತು ವರ್ಷ ಬೆರಳು ಸವೆಸಿದ ಮಹಿಳೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ತಪ್ಪು ಬರೆದವನು ಅಲೆಯಬೇಕಿಲ್ಲ.

ಕಾನೂನಿನ ಕಣ್ಣಿಗೆ ಈ ಮನೆ ಏನು?

1966ರ ಕಾಯ್ದೆ ಕಾರ್ಮಿಕರಿಗೆ ಬಹಳಷ್ಟನ್ನು ಕೊಟ್ಟಿತು ನಿಜ. ಸ್ವಚ್ಛತೆ, ಗಾಳಿ ಬೆಳಕು, ಕುಡಿಯುವ ನೀರು, ಶೌಚಾಲಯ, ಶಿಶುವಿಹಾರ ಎಲ್ಲವೂ ಅದರಲ್ಲಿದ್ದವು. ಆದರೆ ಇವೆಲ್ಲ ಇರಬೇಕಾದದ್ದು ಕೈಗಾರಿಕಾ ಆವರಣದಲ್ಲಿ. ಕೈಗಾರಿಕಾ ಆವರಣವೆಂದರೆ ಏನೆಂಬ ವ್ಯಾಖ್ಯಾನದಲ್ಲೇ ಖಾಸಗಿ ವಾಸದ ಮನೆಯನ್ನು ಕಾಯ್ದೆ ಹೊರಗಿಟ್ಟಿತ್ತು. ಕೂಲಿ, ಪಿ.ಎಫ್. ವಿಚಾರದಲ್ಲಿ ಆಕೆ ಕಾರ್ಮಿಕಳು. ಗಾಳಿ, ಬೆಳಕು, ಮಗುವಿನ ಪಾಲನೆಯ ವಿಚಾರದಲ್ಲಿ ಆಕೆ ಗೃಹಿಣಿ. 1986ರ ಬಾಲಕಾರ್ಮಿಕ ಕಾಯ್ದೆಯೂ ಇದೇ ದಾರಿ ಹಿಡಿಯಿತು. ಬೀಡಿ ತಯಾರಿಕೆಯಲ್ಲಿ ಮಕ್ಕಳ ದುಡಿಮೆಯನ್ನು ಅದು ನಿಷೇಧಿಸಿತು. ಆದರೆ ಕುಟುಂಬದವರ ನೆರವಿನಿಂದ ನಡೆಯುವ ಕೆಲಸವನ್ನು ನಿಷೇಧದಿಂದ ಹೊರಗಿಟ್ಟಿತು. ಬೀಡಿಯೋ ಬಹುತೇಕ ತಯಾರಾಗುವುದೇ ಮನೆಯಲ್ಲಿ! ಶಾಲೆಯಿಂದ ಬಂದ ಹನ್ನೆರಡರ ಬಾಲಕಿ ತಾಯಿಯ ಪಕ್ಕ ಕುಳಿತು ನೂಲು ಕಟ್ಟಿದರೆ ಅದು ದುಡಿಮೆಯಲ್ಲ, ತಾಯಿಗೆ ಸಹಾಯ ಎಂದಾಯಿತು.

ಈಗ ಹಳೆಯ ಕಾಯ್ದೆಯೇ ಇಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1966ರ ಕಾಯ್ದೆ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಲೀನವಾಯಿತು. ಬೀಡಿ ಕಾರ್ಮಿಕರಿಗೆ ಕನಿಷ್ಠ ಕೂಲಿಯ ಖಾತರಿ, ವಾರಕ್ಕೆ 48 ಗಂಟೆಗಳ ಮಿತಿ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ, 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಕೇಂದ್ರ ಸರಕಾರ ಪ್ರಕಟಿಸಿತು. ಕೇಳಲು ಸೊಗಸಾಗಿದೆ. ಆದರೆ ಬೀಡಿಯ ಎಣಿಕೆಗೆ ಕೂಲಿ ಸಿಗುವ ಮನೆಯಲ್ಲಿ 48 ಗಂಟೆಯನ್ನು ಅಳೆಯುವವರು ಯಾರು? ಯಾವ ಗೋಡೆಯ ಗಡಿಯಾರ ನೋಡಿ ಹೆಚ್ಚುವರಿ ದುಡಿಮೆಯನ್ನು ಲೆಕ್ಕ ಹಾಕುತ್ತಾರೆ? ಗುತ್ತಿಗೆದಾರನ ಆಚೆಗಿರುವ ಕಂಪೆನಿಯನ್ನು ಕಾಣದವಳು ತಪಾಸಣೆಗಾಗಿ ಯಾರ ಬಾಗಿಲು ತಟ್ಟಬೇಕು?

ಕಲ್ಯಾಣ ನಿಧಿಯ ಕತೆಯನ್ನೂ ನೆನಪಿಡಬೇಕು. ಬೀಡಿಯ ಮೇಲಿನ ಸೆಸ್ಸಿನಿಂದಲೇ ಆ ನಿಧಿಗೆ ಹಣ ಬರುತ್ತಿತ್ತು. ಕಾರ್ಮಿಕರ ಹೆಸರಲ್ಲಿ ಎತ್ತಿದ ಹಣ ಕಾರ್ಮಿಕರಿಗೇ ಎಂಬ ನೇರ ನಂಟು ಅಲ್ಲಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಬೀಡಿ ಇಂದಿಗೂ ತೆರಿಗೆ ಕಟ್ಟುತ್ತದೆ, ಆದರೆ ಅದರಲ್ಲಿ ಇದು ಕಾರ್ಮಿಕಳ ಪಾಲು ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಬಜೆಟ್ಟಿನಲ್ಲಿ ಕೊಟ್ಟಷ್ಟು ಬಂತು, ಬಿಟ್ಟರೆ ಹೋಯಿತು. ತೆರಿಗೆ ಇಳಿಸುವಾಗ ಕಾರ್ಮಿಕಳ ಹೆಸರು ಹೇಳಿದವರು ಸೆಸ್ ಕಿತ್ತಾಗ ಎಲ್ಲಿದ್ದರು?

ಮನೆಯಲ್ಲಿ ದುಡಿಯುವವರಿಗೂ ಕಾರ್ಖಾನೆಯ ಕಾರ್ಮಿಕರಿಗೆ ಸಮಾನವಾದ ರಕ್ಷಣೆ ಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಂದು ಒಪ್ಪಂದವನ್ನು ಅಂಗೀಕರಿಸಿತ್ತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಮಾತ್ರ 2004ರಲ್ಲೇ ಅನುಮೋದಿಸಿತು. ತಂಬಾಕಿನ ಕಾರ್ಮಿಕರಿಗೆ ಬದುಕಲು ಸಾಕಾಗುವ ಪರ್ಯಾಯ ದುಡಿಮೆಯನ್ನು ಉತ್ತೇಜಿಸಬೇಕು, ಅವರ ಆರೋಗ್ಯವನ್ನು ಕಾಪಾಡಬೇಕು ಎಂಬ ಮಾತು ಆ ಒಪ್ಪಂದದಲ್ಲೂ ಇದೆ. ಪೊಟ್ಟಣದ ಮೇಲೆ ಭೀಕರ ಚಿತ್ರ ಮುದ್ರಿಸುವ ಭಾಗ ಜಾರಿಯಾಯಿತು. ಪರ್ಯಾಯ ದುಡಿಮೆಯ ಭಾಗ ಎಷ್ಟು ಮನೆಗಳನ್ನು ತಲುಪಿತು?

ಕಂಪೆನಿ ಹೊರಟುಹೋದರೆ?

ಇಷ್ಟೆಲ್ಲ ಹೇಳಿದಾಗ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ಹೆಚ್ಚು ಎಳೆದರೆ ಹರಿಯುತ್ತದೆ, ಕಂಪೆನಿಗಳು ಬೇರೆ ರಾಜ್ಯಕ್ಕೆ ಹೋದಾವು, ಇರುವ ಕೆಲಸವೂ ಹೋದೀತು. ಮುರ್ಶಿದಾಬಾದ್‌ನಲ್ಲೋ, ನಿಝಾಮಾಬಾದ್‌ನಲ್ಲೋ, ತಿರುನೆಲ್ವೇಲಿಯಲ್ಲೋ ಇದಕ್ಕಿಂತ ಅಗ್ಗದ ಬೆರಳುಗಳು ಸಿಗುವುದಿಲ್ಲವೇ?

ಈ ಭಯ ಕಾಲ್ಪನಿಕವಲ್ಲ. ಕೇರಳ ಸರಕಾರ 1966ರ ಕಾಯ್ದೆಯನ್ನು ಜಾರಿಗೊಳಿಸಲು ಹೊರಟಾಗ, 1968ರಲ್ಲಿ ಮಂಗಳೂರಿನ ಬೀಡಿ ಕಂಪೆನಿಗಳು ಕಣ್ಣೂರು ಭಾಗದ ತಮ್ಮ ಘಟಕಗಳನ್ನು ಮುಚ್ಚಿದವು. ಸುಮಾರು 12,000 ಕಾರ್ಮಿಕರು ಬೀದಿಗೆ ಬಿದ್ದರು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಕಾರ್ಮಿಕರೇ ಸರಕಾರದ ನೆರವಿನೊಂದಿಗೆ 1969ರಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರಿ ಸಂಘವನ್ನು ಕಟ್ಟಿದರು. ಅದು ಬೆಳೆದು ಒಂದು ಹಂತದಲ್ಲಿ 40,000ಕ್ಕೂ ಅಧಿಕ ಮಂದಿಗೆ ಕೆಲಸ ಕೊಟ್ಟಿತು. ಕಣ್ಣೂರಿನ ಬೀಡಿ ಕಾರ್ಮಿಕರು ಒಂದೇ ಛಾವಣಿಯಡಿ ಕುಳಿತು ಕಟ್ಟುತ್ತಿದ್ದರು. ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ಆ ಹೊತ್ತಿಗೆ ಓದುಗನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಬೀಡಿಯ ಕಾಲ ಇಳಿಯುತ್ತಿದೆಯೆಂದು ಅರಿತಾಗ ಆ ಸಂಘ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳತ್ತ ಹೊರಳಿತು. ಎಲ್ಲವೂ ಯಶಸ್ವಿಯಾಯಿತೆಂದಲ್ಲ. ಬೀಡಿ ಕಟ್ಟುವವರ ಸಂಖ್ಯೆ ಅಲ್ಲಿಯೂ ಕುಗ್ಗಿದೆ. ಆದರೆ ಹೊರಳುವ ನಿರ್ಧಾರವನ್ನು ಕಾರ್ಮಿಕರದ್ದೇ ಸಂಸ್ಥೆ ಕೈಗೊಂಡಿತು ಎಂಬುದು ಸಣ್ಣ ಮಾತಲ್ಲ.

ಮಹಾರಾಷ್ಟ್ರದ ಸೊಲ್ಲಾಪುರದ ಬೀಡಿ ಮಹಿಳೆಯರ ಉದಾಹರಣೆಯೂ ಇದೆ. ವರ್ಷಗಳ ಕಾಲ ಸಂಘಟಿತರಾಗಿ ಹೋರಾಡಿದ್ದರಿಂದ ಕುಂಭಾರಿಯಲ್ಲಿ ಅವರಿಗಾಗಿ 10,000ದಷ್ಟು ಮನೆಗಳ ಬಡಾವಣೆ ಎದ್ದಿತು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅದನ್ನು ಅವರಿಗೆ ಅರ್ಪಿಸಿದರು. ಸೊಲ್ಲಾಪುರದ ಮಹಿಳೆಯೂ ನಮ್ಮವರಂತೆಯೇ ಓದು ಕಡಿಮೆ ಇದ್ದವಳು, ಬಡವಳು. ವ್ಯತ್ಯಾಸವೇನು? ಆಕೆ ತನ್ನ ಕೆಡುಕಿನ ಪಟ್ಟಿಯನ್ನು ಮನೆಯ ನಾಲ್ಕು ಗೋಡೆಗಳಿಗೆ ಹೇಳುವ ಬದಲು ಬೀದಿಗೆ ಬಂದು ಹೇಳಿದಳು.

ನಮ್ಮ ಮನೆಯ ಯಜಮಾನರಿಗೆ

ಕಂಪೆನಿಯನ್ನೂ ಸರಕಾರವನ್ನೂ ಕಟಕಟೆಯಲ್ಲಿ ನಿಲ್ಲಿಸಿ ನಾವು ನ್ಯಾಯಾಧೀಶರಂತೆ ಕುಳಿತುಕೊಳ್ಳುವುದು ಸುಲಭ. ಆದರೆ ಕೆಲಸದ ಸ್ಥಳ ನಮ್ಮ ಮನೆಯಾಗಿರುವಾಗ ಆ ಸ್ಥಳದ ಮೇಲ್ವಿಚಾರಕ ಯಾರು? ಬೀಡಿ ಕಟ್ಟುವವಳ ಎರಡನೆಯ ಯಜಮಾನ ಮನೆಯೊಳಗೇ ಇದ್ದಾನೆ. ಮಹಿಳೆ ಪೇಟೆಗೆ ಹೋಗಿ ದುಡಿದರೆ ಮರ್ಯಾದೆಗೇಡು ಎನ್ನುವವನು ಆಕೆ ಮನೆಯಲ್ಲಿ ತಂಬಾಕಿನ ಧೂಳು ಕುಡಿದು ತಂದ ಹಣವನ್ನು ಸಂಕೋಚವಿಲ್ಲದೆ ಎಣಿಸುತ್ತಾನೆ. ಮರ್ಯಾದೆಯ ಹೆಸರಲ್ಲಿ ಆಕೆಗೆ ಬೇರೆ ಎಲ್ಲ ಬಾಗಿಲುಗಳನ್ನು ಮುಚ್ಚಿ, ತೆರೆದಿಟ್ಟ ಒಂದೇ ಬಾಗಿಲಿನಿಂದ ಆಕೆ ಹೋದಾಗ, ನೋಡಿ ಅವಳಿಗೆ ಇದೇ ಇಷ್ಟ ಎನ್ನುವುದು ಎಂಥ ನ್ಯಾಯ?

ಆ ಹಣ ಹೋಗುವುದಾದರೂ ಎಲ್ಲಿಗೆ? ಪಿ.ಎಫ್. ಹಣ ಮುಪ್ಪಿಗೆ ಇರುವಂಥದ್ದು. ನಮ್ಮಲ್ಲಿ ಅದು ಮಗಳ ಮದುವೆಗೆ ಹೋಗುತ್ತದೆ. ಮದುವೆಗೆ ಎಂದರೆ ವರದಕ್ಷಿಣೆಗೆ, ಚಿನ್ನಕ್ಕೆ, ಗಂಡಿನ ಕಡೆಯವರ ಊಟಕ್ಕೆ. ಮಹ್ರ್ ಕೊಟ್ಟು ವಿವಾಹವಾಗಬೇಕಾದ ವರ, ಒಬ್ಬ ತಾಯಿಯ ಮೂವತ್ತು ವರ್ಷಗಳ ಬೆನ್ನುನೋವನ್ನು ನಗದಾಗಿ ಪಡೆದು ಮನೆಗೆ ಹೋಗುತ್ತಾನೆ. ಲಾಗ್‌ಬುಕ್ ಇದೆಯೇ ಎಂದು ಹೆಣ್ಣು ನೋಡಲು ಬಂದವರು ವಿಚಾರಿಸುತ್ತಿದ್ದ ಕಾಲವೂ ಇತ್ತು. ಅಂದರೆ ಸೊಸೆಯ ಹೆಸರಲ್ಲಿ ಒಬ್ಬ ಕೂಲಿಯಾಳು. ಗುತ್ತಿಗೆದಾರ ನೂರಕ್ಕೆ ಹತ್ತು ಬೀಡಿ ತೆಗೆದಿರಿಸಿದರೆ ಅದು ಶೋಷಣೆ. ಮನೆಯವರು ನೂರಕ್ಕೆ ನೂರನ್ನೂ ತೆಗೆದುಕೊಂಡರೆ ಅದು ಸಂಪ್ರದಾಯವೇ?

ಇನ್ನೊಂದು ವರ್ಗವಿದೆ. ತಂಬಾಕು ಸೇವನೆ ನಿಷಿದ್ಧವೋ ಅಪ್ರಿಯವೋ ಎಂದು ವೇದಿಕೆಯಲ್ಲಿ ಚರ್ಚಿಸುವವರು, ಆ ಉದ್ಯಮದಲ್ಲಿ ದುಡಿಯುವ ಬಡವಿಯತ್ತ ಬೊಟ್ಟು ಮಾಡುವವರು. ಪ್ರಶ್ನೆ ತಪ್ಪಲ್ಲ, ಕೇಳಬೇಕಾದ್ದೇ. ಆದರೆ ತಂಬಾಕಿನ ವ್ಯಾಪಾರಿಯ ದೇಣಿಗೆಯನ್ನು ಪಡೆದು ಸಭಾಂಗಣಕ್ಕೆ ಸುಣ್ಣ ಬಳಿಯುವಾಗ ಈ ಪ್ರಶ್ನೆ ಏಕೆ ನಾಲಗೆಯ ಮೇಲೆ ಬರುವುದಿಲ್ಲ? ಬೀಡಿ ಕಟ್ಟುವವಳಿಗೆ ಉಪದೇಶ, ಕಟ್ಟಿಸುವವನಿಗೆ ಸನ್ಮಾನ. ಉಪದೇಶಿಸುವವರು ಆಕೆಯ ಕೈಗೆ ಬೇರೊಂದು ದುಡಿಮೆಯನ್ನು ಕೊಟ್ಟು ಆಮೇಲೆ ಮಾತಾಡಲಿ. ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂದು ಕಲಿಸಿದ ಪ್ರವಾದಿಯ ಅನುಯಾಯಿಗಳು ಬ್ರಾಂಚಿನ ಸರದಿಯಲ್ಲಿ ನಿಂತವಳ ಕೂಲಿ ಎಷ್ಟು, ಎಂದು ಸಿಗುತ್ತದೆ, ಎಷ್ಟು ಕಡಿತವಾಗುತ್ತದೆ ಎಂದು ಒಮ್ಮೆಯಾದರೂ ವಿಚಾರಿಸಿದ್ದುಂಟೇ?

ಕೇಳುವುದೆಂದರೆ ಹೀಗೆ

ಬೀಡಿಗೆ ಹೆಚ್ಚು ಕಾಲವಿಲ್ಲ. ಸೇದುವವರು ಕಡಿಮೆಯಾಗುತ್ತಿದ್ದಾರೆ. ಕಡಿಮೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕರಾವಳಿಯಲ್ಲಿ ವಾರದ ಕೆಲಸದ ದಿನಗಳು ಇಳಿದಿವೆ. ಓದಿದ ಹೆಣ್ಣುಮಕ್ಕಳು ಮೊರ ಹಿಡಿಯಲು ಒಪ್ಪುತ್ತಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಉಳಿದವರು ನಲ್ವತ್ತು, ಐವತ್ತು, ಅರವತ್ತರ ತಾಯಂದಿರು. ಉದ್ಯಮ ಮುಳುಗುವ ದಿನ ಮಾಲಕನಿಗೆ ಇನ್ನೊಂದು ಉದ್ಯಮವಿದೆ. ಆಕೆಗೆ ಉಳಿಯುವುದು ಕೆಮ್ಮು ಮತ್ತು ಹೆಸರು ಹೊಂದದ ಒಂದು ಲಾಗ್‌ಬುಕ್. ಆದ್ದರಿಂದಲೇ ಈ ಪ್ರಶ್ನೆಯನ್ನು ಈಗ ಕೇಳಬೇಕಾಗಿದೆ.

ಕೇಳುವುದು ಕಷ್ಟವೇನಲ್ಲ. ಪ್ರತಿಯೊಂದು ಮಹಲ್ಲಿನ ಜಮಾಅತ್ ಸಮಿತಿಯ ಬಳಿ ಮನೆಗಳ ಪಟ್ಟಿ ಇದೆ. ಚಂದಾ ವಸೂಲಿಗೆ ಅದು ಉಪಯೋಗವಾಗುತ್ತದೆ. ಅದೇ ಪಟ್ಟಿ ಹಿಡಿದು ಯಾವ ಮನೆಯಲ್ಲಿ ಯಾರು ಬೀಡಿ ಕಟ್ಟುತ್ತಾರೆ, ಅವರ ಪಿ.ಎಫ್. ದಾಖಲೆ ಸರಿಯಿದೆಯೇ, ಕೊನೆಯ ಬಾರಿ ಎದೆಯ ತಪಾಸಣೆ ಮಾಡಿಸಿದ್ದು ಎಂದು ಎಂದು ಬರೆದುಕೊಳ್ಳಬಹುದು. ಕಾಲೇಜು ಓದುವ ಹುಡುಗರು ರಜಾದಿನದಲ್ಲಿ ಕುಳಿತರೆ ನೂರಾರು ಮಹಿಳೆಯರ ಹೆಸರಿನ ತಿದ್ದುಪಡಿ ಅರ್ಜಿಗಳನ್ನು ತುಂಬಬಹುದು. ತಿರಸ್ಕೃತ ಬೀಡಿಯ ಲೆಕ್ಕವನ್ನು ಬರೆದು ಸಹಿ ಹಾಕಿ ಕೊಡಬೇಕೆಂದು ಬ್ರಾಂಚಿನಲ್ಲಿ ಒಬ್ಬಳು ಕೇಳಿದರೆ ಗದರಿಕೆ ಸಿಗಬಹುದು. ಇಡೀ ಓಣಿಯ ಮಹಿಳೆಯರು, ಜಾತಿಮತದ ಭೇದವಿಲ್ಲದೆ, ಒಟ್ಟಾಗಿ ಹೋಗಿ ಕೇಳಿದರೆ ಕಾಗದ ಸಿಗುತ್ತದೆ. ಕಾರ್ಮಿಕ ಸಂಘವನ್ನು ಸಂಶಯದಿಂದ ನೋಡುವ ಅಭ್ಯಾಸವನ್ನೂ ನಾವು ಬಿಡಬೇಕಾಗಿದೆ. ಆಕೆಗೆ ಇಂದು ಸಿಗುತ್ತಿರುವ ಪಿ.ಎಫ್. ಯಾರದೋ ಔದಾರ್ಯದಿಂದ ಬಂದದ್ದಲ್ಲ. ಮಾಲಕರು ನ್ಯಾಯಾಲಯದವರೆಗೂ ಎಳೆದ ವಿವಾದಗಳನ್ನು ದಾಟಿ ಬಂದದ್ದು.

ಸರಕಾರದಿಂದ ಕೇಳಬೇಕಾದದ್ದೂ ಸ್ಪಷ್ಟವಾಗಿರಲಿ. ಬೀಡಿಯ ತೆರಿಗೆಯಲ್ಲಿ ಒಂದು ನಿಶ್ಚಿತ ಪಾಲು ಕಾರ್ಮಿಕರ ನಿಧಿಗೆ ಮರಳಲಿ. 40 ದಾಟಿದವರ ತಪಾಸಣೆ ಕಂಪೆನಿಯ ಖರ್ಚಿನಲ್ಲಿ ಬ್ರಾಂಚಿನ ಬಾಗಿಲಲ್ಲೇ ನಡೆಯಲಿ. ಓಣಿಗೊಂದು ಗಾಳಿ ಬೆಳಕಿನ ಸಾಮೂಹಿಕ ಕೊಠಡಿ ಇರಲಿ, ಧೂಳು ಮಗುವಿನ ಚಾಪೆಯಿಂದ ದೂರವಾಗಲಿ. ಬೀಡಿ ಬಿಟ್ಟು ಹೊಲಿಗೆಗೋ, ಆಹಾರ ತಯಾರಿಕೆಗೋ ಹೋಗಬಯಸುವವಳಿಗೆ ಮೊದಲ ತಿಂಗಳುಗಳ ಆದಾಯದ ಆಸರೆ ಸಿಗಲಿ. ಬರಿಯ ಪ್ರಮಾಣಪತ್ರ ಹಂಚುವ ತರಬೇತಿ ಶಿಬಿರಗಳಿಂದ ಅನ್ನ ಬೇಯುವುದಿಲ್ಲ.

ಇವೆಲ್ಲಕ್ಕಿಂತ ಮೊದಲು, ಓದುಗರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬೀಡಿ ಕಟ್ಟುವವಳಿದ್ದರೆ ಈ ವಾರ ಆಕೆಯ ಬಳಿ ಕುಳಿತು ಕೆಲಸ ಹೇಗಿದೆ ಎಂದು ಕೇಳಿ. ಪರವಾಗಿಲ್ಲ, ಮನೆಯಲ್ಲೇ ಕುಳಿತು ಮಾಡುವುದಲ್ಲವೇ ಎಂದು ಆಕೆ ಹೇಳುತ್ತಾಳೆ. ಅಲ್ಲಿಗೆ ಎದ್ದು ಬರಬೇಡಿ.